ಮಳೆಗಾಲಕ್ಕೆ ಕ್ಷೌರದ ಕತ್ತಿ: ಯಾವ ಎಣ್ಣೆ, ಯಾವ ಪಟ್ಟಿ, ಯಾವ ಡಬ್ಬಿ?

ಕೊಡಗಿನಲ್ಲಿ ಹಳೇ ಕ್ಷೌರದ ಕತ್ತಿ ಸಂಗ್ರಹಿಸುವವರಿಗೆ ಮೊದಲ ಶತ್ರು ತುಕ್ಕು. ಅಲಗು ಮೊಂಡಾದರೆ ಸಾಣೆ ಹಿಡಿದು ಸರಿ ಮಾಡಬಹುದು. ಅಲಗಿನ ಬಾಯಿಯಲ್ಲೇ ತುಕ್ಕು ಕೊರೆದು ಸಣ್ಣ ಗುಳಿ ಬಿದ್ದರೆ ಮಾತ್ರ ಅಷ್ಟೂ ಉಕ್ಕನ್ನು ಕಲ್ಲಿನ ಮೇಲೆ ಸವೆಸಿ ತೆಗೆಯಬೇಕು. ಹಾಗೆ ತೆಗೆದದ್ದು ಮತ್ತೆ ಬರುವುದಿಲ್ಲ. ಈ ಕತ್ತಿಗಳಲ್ಲಿ ಹೆಚ್ಚಿನವು ಕಾರ್ಬನ್ ಉಕ್ಕಿನವು. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಇರುವಷ್ಟು ಕ್ರೋಮಿಯಂ ಇವುಗಳಲ್ಲಿ ಇಲ್ಲ. ಹಾಗಾಗಿ ಒದ್ದೆ ಗಾಳಿ ತಾಗಿದರೂ ಸಾಕು, ಕೆಂಪು ಚುಕ್ಕೆ ಶುರು.

ನಮ್ಮ ಕಡೆ ಈ ಕತ್ತಿಗಳು ಸಿಗುವುದು ಹಳೇ ಪೆಟ್ಟಿಗೆಗಳಲ್ಲಿ. ಸೈನ್ಯಕ್ಕೆ ಹೋಗಿ ಬಂದ ತಾತಂದಿರ ಟ್ರಂಕ್, ತೋಟದ ಬಂಗಲೆ ಖಾಲಿ ಮಾಡುವಾಗ ಹೊರಬಿದ್ದ ಸಾಮಾನು, ಹೀಗೆ. ಅಲಗಿನ ಬುಡದಲ್ಲಿ ನಕ್ಷತ್ರ ಮತ್ತು ಮಾಲ್ಟೀಸ್ ಶಿಲುಬೆಯ ಗುರುತು ಇದ್ದರೆ ಅದು ಇಂಗ್ಲೆಂಡಿನ ಷೆಫೀಲ್ಡ್ ಊರಿನ ಜೋಸೆಫ್ ರಾಜರ್ಸ್ ಕಂಪನಿಯದು. ಹಳೇ ಷೆಫೀಲ್ಡ್ ಕತ್ತಿಗಳಲ್ಲಿ ದಪ್ಪ, ಭಾರದವು ಜಾಸ್ತಿ. ಜರ್ಮನಿಯ ಸೋಲಿಂಗನ್ ಕತ್ತಿಗಳಲ್ಲಿ ಎರಡೂ ಮೈಯನ್ನು ಒಳಕ್ಕೆ ಕೊರೆದು ತೆಳ್ಳಗೆ ಮಾಡಿದವು ಹೆಚ್ಚು. ಈ ವ್ಯತ್ಯಾಸ ನೆನಪಿಡಿ, ಅಲಗನ್ನು ಉಜ್ಜಿ ಹದ ಮಾಡುವ ಪಟ್ಟಿಯ ವಿಷಯಕ್ಕೆ ಬಂದಾಗ ಬೇಕಾಗುತ್ತದೆ. ಒಂದು ಮಾತು: ದಂತದ ಹಿಡಿ ಇರುವುದು ಎಷ್ಟೇ ಚೆಂದ ಇದ್ದರೂ ಕೊಳ್ಳಬೇಡಿ. ನಮ್ಮ ದೇಶದಲ್ಲಿ ಆನೆ ದಂತದ ವ್ಯಾಪಾರಕ್ಕೆ ಕಾನೂನಿನ ತಡೆ ಇದೆ.

ಮೊದಲು ಎಣ್ಣೆ. ನಾನು ನಾಲ್ಕನ್ನು ಹೋಲಿಸಿ ನೋಡಿದೆ: ತೆಂಗಿನೆಣ್ಣೆ, ಹೊಲಿಗೆ ಮೆಷಿನ್ ಎಣ್ಣೆ, ಕೋವಿಗೆ ಹಾಕುವ ಎಣ್ಣೆ, ವ್ಯಾಸಲೀನ್. ಒಂದೇ ತರದ ಮಾಮೂಲಿ ಕತ್ತಿಗಳಿಗೆ ಒಂದೊಂದು ಬಳಿದು, ಮಳೆ ಹಿಡಿಯುವ ಮೊದಲು ಒಂದೇ ಕಪಾಟಿನಲ್ಲಿ, ಡಬ್ಬಿ ಇಲ್ಲದೆ ಇಟ್ಟೆ. ಮನೆ ಇರುವುದು ಮಡಿಕೇರಿ ಕಡೆ. ಜುಲೈನಲ್ಲಿ ಗೋಡೆಯೇ ಬೆವರುವ ಜಾಗ. ಇಲ್ಲಿ ಗೆದ್ದ ಎಣ್ಣೆ ಎಲ್ಲಿ ಬೇಕಾದರೂ ಗೆಲ್ಲುತ್ತದೆ.

ತೆಂಗಿನೆಣ್ಣೆ ಎಲ್ಲರ ಮನೆಯಲ್ಲೂ ಇರುತ್ತದೆ, ಮುಖಕ್ಕೆ ತಾಗಿದರೂ ತೊಂದರೆ ಇಲ್ಲ. ಆದರೆ ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ಮಡಿಕೇರಿಯ ಮಳೆಗಾಲದಲ್ಲಿ ಬಾಟಲಿಯಿಂದ ಕಡ್ಡಿ ಹಾಕಿ ತೆಗೆಯಬೇಕು, ಅಲ್ವಾ? ಅಲಗಿನ ಮೇಲೂ ಅದೇ ಕತೆ. ಎಣ್ಣೆ ಬಿಳಿ ಬಿಳಿ ಗುಪ್ಪೆಯಾಗಿ ನಿಂತು ನಡುವೆ ಬರೀ ಉಕ್ಕು ಕಾಣುತ್ತಿತ್ತು. ಚುಕ್ಕೆಗಳು ಬಂದದ್ದು ಸರಿಯಾಗಿ ಆ ನಡುವಿನ ಜಾಗದಲ್ಲೇ. ಲೆನ್ಸ್ ಹಿಡಿದು ನೋಡಿದಾಗ ಅದೇ ಕತ್ತಿಯಲ್ಲಿ ಇನ್ನೊಂದು ವಿಷಯ ಕಂಡಿತು. ಅಲಗು ತಿರುಗುವ ಕೀಲಿನ ಹತ್ತಿರ ಗುಂಡುಸೂಜಿಯ ತಲೆಯಷ್ಟು ಸಣ್ಣ ಹಿತ್ತಾಳೆ ವಾಷರ್ ಇರುತ್ತದೆ. ಅದರ ಸುತ್ತ ಹಸಿರು ಮೇಣದಂತೆ ಏನೋ ಕಟ್ಟಿಕೊಂಡಿತ್ತು. ಕಮಟು ಹಿಡಿದ ಎಣ್ಣೆಯ ಆಮ್ಲ ಹಿತ್ತಾಳೆಯ ತಾಮ್ರದ ಜೊತೆ ಸೇರಿ ಹಾಗಾಗುತ್ತದೆ. ಹಲ್ಲು ಚುಚ್ಚುವ ಕಡ್ಡಿಯಿಂದ ಕೆರೆದರೆ ಬರುತ್ತದೆ, ಆದರೆ ಹಿಡಿಯ ಒಳಗೆ ಹೋಗಿರುವುದು ಪೂರ್ತಿ ಬರುವುದಿಲ್ಲ. ತೆಂಗಿನೆಣ್ಣೆಯನ್ನು ನಾನು ಈ ಕೆಲಸಕ್ಕೆ ಒಪ್ಪುವುದಿಲ್ಲ.

ಹೊಲಿಗೆ ಮೆಷಿನ್ ಎಣ್ಣೆ ತೆಳು, ವಾಸನೆ ಇಲ್ಲ. ಒಂದು ಹನಿ ಬಿಟ್ಟರೆ ಕೀಲಿನ ಸಂದಿಗೆ ತಾನಾಗಿ ಇಳಿಯುತ್ತದೆ. ಆ ಜಾಗಕ್ಕೆ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಅಲಗಿನ ಮೇಲೆ ಮಾತ್ರ ನಿಲ್ಲುವುದಿಲ್ಲ. ಬಾಯಿ ಕೆಳಗೆ ಮಾಡಿ ಇಟ್ಟ ಕತ್ತಿಯಲ್ಲಿ ಎಣ್ಣೆಯೆಲ್ಲ ಬಾಯಿಗೆ ಇಳಿದು ಬೆನ್ನು ಒಣಗಿತ್ತು. ಬೆನ್ನಿನ ಉದ್ದಕ್ಕೂ ಕೆಂಪು ಗೆರೆ. ವಾರಕ್ಕೊಮ್ಮೆ ಮತ್ತೆ ಒರೆಸುವವರಿಗೆ ಇದು ಸಾಕು, ತಿಂಗಳುಗಟ್ಟಲೆ ಮುಟ್ಟದವರಿಗೆ ಸಾಲದು.

ಕೋವಿ ಎಣ್ಣೆ ನಮ್ಮ ಜಿಲ್ಲೆಯಲ್ಲಿ ಹುಡುಕಬೇಕಾದ ವಸ್ತುವಲ್ಲ. ತುಕ್ಕು ತಡೆಯುವ ಅಂಶ ಸೇರಿಸಿಯೇ ಮಾಡಿರುತ್ತಾರೆ, ಅಲಗಿಗೆ ಅಂಟಿ ನಿಲ್ಲುತ್ತದೆ. ಹಚ್ಚಿದ್ದ ಕತ್ತಿ ಬೆನ್ನಿನಿಂದ ಬಾಯಿವರೆಗೆ ಒಂದೇ ಸಮ ಹೊಳೆಯುತ್ತಿತ್ತು. ಕೊಳ್ಳುವಾಗ ಜೋಪಾನ: ಕೋವಿ ನಳಿಗೆ ತೊಳೆಯುವ ದ್ರಾವಣ ಬೇರೆ, ಕಾಪಾಡುವ ಎಣ್ಣೆ ಬೇರೆ. ತೊಳೆಯುವ ದ್ರಾವಣಗಳಲ್ಲಿ ಕೆಲವಕ್ಕೆ ತಾಮ್ರದ ಕರೆ ತೆಗೆಯಲು ಅಮೋನಿಯಾ ಸೇರಿಸುತ್ತಾರೆ, ಅದು ಹಿತ್ತಾಳೆ ಕೀಲನ್ನೂ ತಿನ್ನುತ್ತದೆ. ಈ ಎಣ್ಣೆ ಮುಖಕ್ಕೆ ಮಾಡಿದ್ದಲ್ಲ. ಕ್ಷೌರಕ್ಕೆ ಮೊದಲು ಸ್ಪಿರಿಟ್ ಹಾಕಿದ ಹತ್ತಿಯಲ್ಲಿ ಒರೆಸಲೇಬೇಕು.

ವ್ಯಾಸಲೀನ್ ಎಲ್ಲಕ್ಕಿಂತ ಚೆನ್ನಾಗಿ ಕಾಪಾಡಿತು. ಒಂದು ಚುಕ್ಕೆಯೂ ಇಲ್ಲ. ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿ, ಬಟ್ಟೆಯಿಂದ ತೆಳ್ಳಗೆ ಸವರಬೇಕು. ದಪ್ಪಗೆ ಮೆತ್ತಿದರೆ ಧೂಳು, ಕೂದಲು ಎಲ್ಲ ಅಂಟುತ್ತದೆ. ತೆಗೆಯುವುದೇ ಕಷ್ಟ, ಅದರಲ್ಲೂ ಹಿಡಿಯ ಒಳಗೆ ಹೋದದ್ದು. ಹಾಗಾಗಿ ನನ್ನ ಲೆಕ್ಕ ಹೀಗೆ: ಬಳಸುವ ಕತ್ತಿಗೆ ಕೋವಿ ಎಣ್ಣೆ, ಮಳೆಗಾಲ ಪೂರ್ತಿ ಮಲಗುವ ಕತ್ತಿಗೆ ವ್ಯಾಸಲೀನ್, ಎರಡರ ಕೀಲಿಗೂ ಮೆಷಿನ್ ಎಣ್ಣೆಯ ಒಂದು ಹನಿ. ಸೆಪ್ಟೆಂಬರ್ ಮೊದಲ ವಾರ ಕೈಲ್ ಪೊಳ್ದ್ ಹಬ್ಬಕ್ಕೆ ಕೊಡಗಿನ ಮನೆಗಳಲ್ಲಿ ಕೋವಿ, ಕತ್ತಿ ಎಲ್ಲ ಹೊರತೆಗೆದು ಶುಚಿ ಮಾಡುತ್ತಾರೆ. ಇವನ್ನೂ ಅದೇ ಹೊತ್ತಿಗೆ ಬಿಚ್ಚಿ ಒರೆಸಿದರೆ ಮರೆಯುವ ಮಾತೇ ಇಲ್ಲ.

ಇನ್ನು ಪಟ್ಟಿ. ಗೋಡೆಯ ಕೊಕ್ಕೆಗೆ ನೇತುಹಾಕುವ ತೊಗಲಿನ ಪಟ್ಟಿ ನೋಡಲು ಚೆಂದ. ತೆಳ್ಳಗಿನ ಸೋಲಿಂಗನ್ ಅಲಗು ಅದರ ಮೇಲೆ ಹಾಡಿದಂತೆ ಓಡುತ್ತದೆ, ಆ ಸದ್ದು ಕೇಳುವುದೇ ಒಂದು ಸುಖ. ಮಳೆಗಾಲದಲ್ಲಿ ಮಾತ್ರ ಅದು ತೇವ ಕುಡಿದು ಜೋಲುತ್ತದೆ, ಬೂಷ್ಟು ಹಿಡಿಯುತ್ತದೆ. ಪಟ್ಟಿ ಜೋತು ಬಿದ್ದರೆ ಅಲಗಿನ ಬಾಯಿ ಉರುಟಾಗುತ್ತದೆ.

ಅದಕ್ಕೇ ಹಲಗೆ ಪಟ್ಟಿ ಮಾಡಿಕೊಂಡೆ. ಕಾಫಿ ತೋಟದಲ್ಲಿ ನೆರಳಿಗೆ ಹಾಕಿದ ಸಿಲ್ವರ್ ಓಕ್ ಮರದ ತುಂಡು, ಚೆನ್ನಾಗಿ ಒಣಗಿದ್ದು. ಉದ್ದ ಸುಮಾರು 30 ಸೆಂಟಿಮೀಟರ್, ಅಗಲ 7. ಗಾಜಿನ ಮೇಲೆ ಉಪ್ಪುಕಾಗದ ಹಾಸಿ, ಹಲಗೆಯನ್ನು ಅದರ ಮೇಲೆ ಉಜ್ಜಿ ಸಮ ಮಾಡಬೇಕು. ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಉಜ್ಜಿ, ಎಲ್ಲ ಗೆರೆ ಒಟ್ಟಿಗೆ ಅಳಿಸಿದರೆ ಹಲಗೆ ಸಮ ಆಗಿದೆ ಎಂದರ್ಥ. ಒಂದು ಮೈಗೆ 2 ಮಿಲಿಮೀಟರ್ ದಪ್ಪದ, ಬಣ್ಣ ಹಾಕದ ತೊಗಲು. ಇನ್ನೊಂದು ಮೈಗೆ ಹಳೇ ಜೀನ್ಸ್ ಬಟ್ಟೆ. ಮೊದಲು ಬಟ್ಟೆ, ಆಮೇಲೆ ತೊಗಲು. ಬೆನ್ನು ಮುಂದೆ, ಬಾಯಿ ಹಿಂದೆ. ತಿರುಗಿಸುವುದು ಬೆನ್ನಿನ ಮೇಲೇ. ದಪ್ಪ ಷೆಫೀಲ್ಡಿಗೆ ಹಲಗೆ ಹೇಳಿ ಮಾಡಿಸಿದ್ದು. ಸೋಲಿಂಗನ್ನಿಗೆ ಬೇಸಿಗೆಯಲ್ಲಿ ನಾನು ಈಗಲೂ ನೇತಾಡುವ ಪಟ್ಟಿಯನ್ನೇ ತೆಗೆಯುತ್ತೇನೆ.

ನಮ್ಮೂರಿನ ಹಿರಿಯ ಕ್ಷೌರಿಕರೊಬ್ಬರಿಗೆ ತೋರಿಸಿದೆ. ಅವರು ಈಗ ಬ್ಲೇಡ್ ಬದಲಿಸುವ ಕತ್ತಿಯನ್ನೇ ಬಳಸುವುದು, ಆದರೆ ಕಲಿತದ್ದು ಹಳೇ ಕತ್ತಿಯಲ್ಲಿ. ತೊಗಲನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿ, "ಇದಕ್ಕೆ ಎಣ್ಣೆ ಕುಡಿಸ್ಬೇಡಿ ಸಾರ್. ಅಂಗೈಯಿಂದ ಉಜ್ತಾ ಇರಿ, ಕೈಯ ಜಿಡ್ಡೇ ಸಾಕು" ಅಂದರು. ಆ ಮಾತು ನಿಜ. ಎಣ್ಣೆ ಜಾಸ್ತಿಯಾದ ತೊಗಲಿನ ಮೇಲೆ ಅಲಗು ಜಾರುತ್ತದೆ, ಹಿಡಿತವೇ ಇರುವುದಿಲ್ಲ. ಅಲಗಿನ ಬಾಯಿಯನ್ನು ಇನ್ನಷ್ಟು ನಯ ಮಾಡಲು ಹಸಿರು ಕ್ರೋಮಿಯಂ ಆಕ್ಸೈಡ್ ಪುಡಿ ಹಚ್ಚುವವರು ಅದಕ್ಕೆ ಬೇರೆಯೇ ಹಲಗೆ ಇಟ್ಟುಕೊಳ್ಳಿ. ದಿನದ ತೊಗಲಿಗೆ ತಾಗಿದರೆ ಮತ್ತೆ ಬಿಡುವುದಿಲ್ಲ.

ಡಬ್ಬಿಯ ವಿಷಯದಲ್ಲಿ ಚೆಂದವಾದದ್ದೇ ಸೋಲುತ್ತದೆ. ಕತ್ತಿಗಳನ್ನು ಸುತ್ತಿಡುವ ತೊಗಲಿನ ಚೀಲ ಎಲ್ಲರಿಗೂ ಇಷ್ಟ. ತೊಗಲು ತೇವ ಹಿಡಿದಿಟ್ಟುಕೊಳ್ಳುತ್ತದೆ, ಹದ ಮಾಡುವಾಗ ಹಾಕಿದ ಉಪ್ಪು, ಆಮ್ಲದ ಅಂಶವೂ ಉಳಿದಿರುತ್ತದೆ. ಪ್ರಯಾಣಕ್ಕೆ ಸರಿ, ಮಳೆಗಾಲಕ್ಕೆ ಬೇಡ. ಮರದ ಪೆಟ್ಟಿಗೆ ಅಷ್ಟು ಕೆಟ್ಟದ್ದಲ್ಲ, ಆದರೆ ಹಸಿ ಮರವೂ ಆಮ್ಲ ಬಿಡುತ್ತದೆ, ಗಾಳಿಯನ್ನು ಪೂರ್ತಿ ತಡೆಯುವುದಿಲ್ಲ. ಗೆದ್ದದ್ದು ರಬ್ಬರ್ ಅಂಚಿನ ಮುಚ್ಚಳ ಇರುವ ಮಾಮೂಲಿ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್. ಬಣ್ಣ ಬದಲಾಗುವ ಹರಳು ತಗೊಳ್ಳಿ. ಕಿತ್ತಳೆ ಇದ್ದದ್ದು ಹಸಿರಾದರೆ ಹೊಟ್ಟೆ ತುಂಬಿದೆ ಅಂತ. 120 ಡಿಗ್ರಿ ಆಸುಪಾಸು ಓವನ್ನಿನಲ್ಲಿ ಇಟ್ಟರೆ ಮತ್ತೆ ಒಣಗುತ್ತದೆ. ಕೊಂಬಿನ ಹಿಡಿ ಇದ್ದರೆ ತೀರಾ ಒಣಗಿ ಬಿರುಕು ಬಿಡಬಹುದು, ಹಿಡಿಗೂ ತೆಳ್ಳಗೆ ಎಣ್ಣೆ ಒರೆಸಿಡಿ.

ಒಂದು ಜಾತಿಯ ಕತ್ತಿಗೆ ಮಾತ್ರ ಈ ಡಬ್ಬಿ ಆಗುವುದೇ ಇಲ್ಲ: ಸೆಲ್ಯುಲಾಯ್ಡ್ ಎಂಬ ಹಳೇ ಕಾಲದ ಪ್ಲಾಸ್ಟಿಕ್ಕಿನ ಹಿಡಿ ಇರುವುದಕ್ಕೆ. ಹಿಡಿಯನ್ನು ಬೆರಳಿನಿಂದ ಬಿರುಸಾಗಿ ಉಜ್ಜಿ ಮೂಸಿ. ಕರ್ಪೂರದ ವಾಸನೆ ಬಂದರೆ ಅದೇ. ಹಳೆಯದಾದ ಸೆಲ್ಯುಲಾಯ್ಡ್ ಕೊಳೆಯುತ್ತಾ ಆಮ್ಲದ ಹೊಗೆ ಬಿಡುತ್ತದೆ. ಮಡಚಿದಾಗ ಹಿಡಿಯ ಒಳಗೆ ಇರುವ ಅಲಗಿಗಷ್ಟೇ ತುಕ್ಕು, ಹೊರಗಿನ ಬುಡ ಮಾತ್ರ ಹೊಸದರಂತೆ ಇದ್ದರೆ ತಪ್ಪು ಮಳೆಯದ್ದಲ್ಲ, ಹಿಡಿಯದು. ಮುಚ್ಚಿದ ಡಬ್ಬಿಯಲ್ಲಿ ಇಂಥದ್ದು ಒಂದಿದ್ದರೂ ಪಕ್ಕದ ಕತ್ತಿಗಳೂ ಹಾಳಾಗುತ್ತವೆ. ಅದಕ್ಕೆ ಬೆಂಕಿಯೂ ಬೇಗ ಹತ್ತುತ್ತದೆ, ಒಲೆ ಮೇಲಿನ ಅಟ್ಟ ಬೆಚ್ಚಗಿದೆ ಅಂತ ಅಲ್ಲಿ ಇಡಬೇಡಿ. ಅಲಗಿಗೆ ವ್ಯಾಸಲೀನ್ ಸವರಿ, ಅರ್ಧ ತೆರೆದು, ಗಾಳಿ ಆಡುವ ಕಪಾಟಿನಲ್ಲಿ ಬೇರೆಯಾಗಿ ಇಡಿ. ಹಿಡಿ ಬೆವರಲು, ಪುಡಿಯಾಗಲು ಶುರುವಾಗಿದ್ದರೆ ಪಿನ್ ಬಿಡಿಸಿ ಹಿಡಿ ತೆಗೆದುಬಿಡಿ. ಬೀಟೆ ಮರದ ಚೂರಿನಲ್ಲಿ ಹೊಸ ಹಿಡಿ ಮಾಡುವುದು ಒಂದು ಭಾನುವಾರದ ಕೆಲಸ, ಅಲಗು ಉಳಿಯುತ್ತದೆ.