ಮಹಿಳಾ ಕೂಟಕ್ಕೆ ಜೆಂಬೆಯೋ ಚೆಂಡೆಯೋ?

ಕಾಸರಗೋಡಿನ ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಸಂಘಟನೆ) ಗುಂಪೊಂದು ಬರೀ ಒಂದು ಸಂಜೆ ಕೂಡಿ ಬಾರಿಸಿ ನೋಡುವುದಾದರೆ ಪಶ್ಚಿಮ ಆಫ್ರಿಕಾದ ಚರ್ಮವಾದ್ಯ ಜೆಂಬೆಯೇ ಸರಿ. ಬರಿಗೈ ಸಾಕು, ಉಂಗುರ, ಬಳೆ ಕಳಚಿಡಬೇಕು. ಚರ್ಮದ ನಡುವೆ ಅಂಗೈ ಬಿದ್ದರೆ ಮಂದ್ರ, ಅಂಚಿನಲ್ಲಿ ಬೆರಳು ಬಿದ್ದರೆ ತೆರೆದ ನಾದ. ಕುರ್ಚಿಯಲ್ಲಿ ಕೂತು ವಾದ್ಯವನ್ನು ಮುಂದಕ್ಕೆ ವಾಲಿಸಿ ಹಿಡಿಯಿರಿ. ನೆಟ್ಟಗಿಟ್ಟರೆ ತಳದ ಬಾಯಿ ಮುಚ್ಚಿ ಮಂದ್ರವೇ ಹೊರಡದು. ಹೊಸಬರು ಎಡವುವುದು ಇಲ್ಲೇ.

ಉತ್ಸವಕ್ಕೆ ಶಿಂಗಾರಿ ಮೇಳ (ಹೆಜ್ಜೆ ಹಾಕುತ್ತ ಬಾರಿಸುವ ಚೆಂಡೆ ತಂಡ) ಕಟ್ಟುವ ಆಸೆಯಿದ್ದರೆ ಚೆಂಡೆ (ಯಕ್ಷಗಾನದ್ದಲ್ಲ, ಕೇರಳದ್ದು). ಹಲಸಿನ ಮರದ ಕಳಸಿಗೆ (ವಾದ್ಯದ ಒಡಲು), ಹೆಗಲಿಗೆ ಭಾರ. ಮೊದಲು ಹುಣಸೆ ಕೋಲಿನಲ್ಲಿ ಕಲ್ಲಿನ ಮೇಲೆ ಅಭ್ಯಾಸ, ತಿಂಗಳುಗಟ್ಟಲೆ. ಮಣಿಕಟ್ಟು ತಿರುಗಿಸದೆ ತೋಳಿನಿಂದ ಬಡಿದರೆ ಭುಜ ನೋವು ಖಂಡಿತ. ಸದ್ದೂ ಜೋರು, ಬಯಲೇ ಬೇಕು.

ಮಳೆಗಾಲದ ತೇವಕ್ಕೆ ಎರಡರ ಚರ್ಮವೂ ಸಡಿಲಾಗುತ್ತದೆ. ಸಿಂಥೆಟಿಕ್ ಹೊದಿಕೆಯ ಜೆಂಬೆಗೆ ಆ ಕಾಟವಿಲ್ಲ.