ದುರ್ಗದಬೈಲಿನ ಗಿಡಮೂಲಿಕೆ ಅಂಗಡಿ: ನೆಗಡಿ ಹೋಗಿ ಕೆಮ್ಮು ಉಳಿದವರಿಗೆ

ಹುಬ್ಬಳ್ಳಿ ದುರ್ಗದಬೈಲಿನ ಹತ್ತಿರದ ಓಣಿಯಲ್ಲಿರುವ ಈ ಸಣ್ಣ ಅಂಗಡಿಗೆ ನಾನು ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಮನೆಮಂದಿಗೆಲ್ಲ ನೆಗಡಿ ಬಂದು ಹೋದಮೇಲೂ ಒಣಕೆಮ್ಮು ಬಿಟ್ಟಿರಲಿಲ್ಲ, ರಾತ್ರಿ ಮಲಗಿದರೆ ಸಾಕು, ಒಬ್ಬರಾದ ಮೇಲೆ ಒಬ್ಬರು ಶುರು. ಅಂಗಡಿಯವರು ಜ್ಯೇಷ್ಠಮಧುವಿನ ಕಡ್ಡಿ ಮುರಿದು ತೋರಿಸಿದರು: ಒಳಗೆ ಹಳದಿ, ನಾರುನಾರು, ಅಗಿದರೆ ಸಿಹಿ. ನಮ್ಮ ಅತ್ತೆಗೂ ಬೇಕು ಅಂದಾಗ "ಬಿಪಿ ಐತೇನ್ರೀ ಅಕ್ಕಾರ ಅವರಿಗೆ?" ಅಂತ ಕೇಳಿದರು. ಇದೆ ಅಂದೆ. "ಹಂಗಾರ ಇದು ಬ್ಯಾಡ್ರೀ, ಬಿಪಿ ಏರ್ತದ" ಅಂದು ಬರೀ ಒಣಶುಂಠಿ, ಕಾಳುಮೆಣಸು ಕಟ್ಟಿಕೊಟ್ಟರು. ಮಾರೋ ಜಾಗದಲ್ಲಿ ಕೂತು ಬೇಡ ಅನ್ನೋರು ಎಷ್ಟು ಜನ ಸಿಗ್ತಾರೆ ಹೇಳಿ!

ಸಣ್ಣ ಮಕ್ಕಳಿಗೆ ಸುಮ್ನೆ ಸಿರಪ್ ಹಾಕಬೇಡಿ. 2 ವರ್ಷದೊಳಗಿನವರಿಗೆ ಕೊಡಲೇಬಾರದು, 5ರೊಳಗಿನವರಿಗೂ ಸಾಮಾನ್ಯವಾಗಿ ಬೇಡ ಅಂತ ಕೇಂದ್ರ ಸರ್ಕಾರ 2025ರಲ್ಲೇ ಹೇಳಿದೆ. ನಮ್ಮ ಮಗಳಿಗೆ ಮಲಗುವ ಮುಂಚೆ ಒಂದು ಚಮಚ ಜೇನುತುಪ್ಪ ಕೊಟ್ಟೆವು, ನಿದ್ದೆ ಬಂತು. ಆದರೆ ವರ್ಷ ತುಂಬದ ಕೂಸಿಗೆ ಜೇನು ಬೇಡವೇ ಬೇಡ.

ಒಂದು ಸ್ಟಾರ್ ಕಡಿಮೆ ಯಾಕೆ ಅಂದರೆ, ರೆಡಿ ಕಷಾಯದ ಪುಡಿ ಪ್ಯಾಕೆಟ್ ಮೇಲೆ ತಾರೀಖು ಇಲ್ಲ. ಇಡೀ ಬೇರು, ಕಾಳು ತಂದು ಮನೆಯಲ್ಲೇ ಕುಟ್ಟಿಕೊಳ್ಳಿ.

ನೆಗಡಿಯ ನಂತರದ ಕೆಮ್ಮು ವಾರಗಟ್ಟಲೆ ಎಳೆಯುವುದುಂಟು. ಆದರೂ ಎರಡು ವಾರ ದಾಟಿದರೆ, ಜ್ವರ ಬಂದರೆ, ಕಫದಲ್ಲಿ ರಕ್ತ ಕಂಡರೆ ಅಂಗಡಿ ಬಿಟ್ಟು ಡಾಕ್ಟರ್ ಹತ್ತಿರ ಹೋಗಿ, ಸರ್ಕಾರಿ ಆಸ್ಪತ್ರೆಯಲ್ಲಿ ಟಿಬಿಗೆ ಕಫ ಪರೀಕ್ಷೆ ಉಚಿತ. ಅಂಗಡಿಗೆ ಹೋಗೋದಾದರೆ ಬೆಳಿಗ್ಗೆ ಹೋಗಿ, ಸಂಜೆ ಕಾಲಿಡಲು ಜಾಗ ಇರುವುದಿಲ್ಲ.