ಕ್ರಿಪ್ಟೊಮೇಟರ್: ಮೂರು ಮಳೆಗಾಲ ಕಳೆದ ಮೇಲೆ

ಮೊದಲೇ ಹೇಳಿಬಿಡ್ತೇನೆ, ನಾನು ಕಂಪ್ಯೂಟರ್ ಓದಿದವನಲ್ಲ. ಬದಿಯಡ್ಕದ ಹತ್ತಿರ ಸ್ವಲ್ಪ ಅಡಿಕೆ ತೋಟ ಉಂಟು, ಉಳಿದ ಹೊತ್ತಿನಲ್ಲಿ ನಾಲ್ಕಾರು ಅಂಗಡಿಯವರ ಲೆಕ್ಕ ಬರೆದುಕೊಡ್ತೇನೆ. 2022ರ ಕೊನೆಯಿಂದ ಕ್ರಿಪ್ಟೊಮೇಟರ್ ಬಳಸ್ತಾ ಇದ್ದೇನೆ. ಕ್ಲೌಡಿಗೆ, ಅಂದರೆ ಇಂಟರ್ನೆಟ್ಟಿನಲ್ಲಿ ಬೇರೆ ಕಂಪೆನಿಯ ಜಾಗಕ್ಕೆ, ಹಾಕುವ ಫೈಲುಗಳಿಗೆ ನಮ್ಮದೇ ಬೀಗ ಹಾಕುವ ಸಾಫ್ಟ್‌ವೇರ್ ಇದು. ಐದರಲ್ಲಿ ನಾಲ್ಕು ಸ್ಟಾರ್. ಆ ಒಂದು ಸ್ಟಾರ್ ಯಾಕೆ ಹೋಯಿತು ಅಂತ ಆಮೇಲೆ ಹೇಳ್ತೇನೆ.

ನಮ್ಮ ಕಡೆ ಎಲ್ಲರ ಮನೆಯಲ್ಲೂ ಕಾಗದಪತ್ರ ಜಾಸ್ತಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತಲ್ಲ, ಹಾಗಾಗಿ ಅಜ್ಜನ ಕಾಲದ ದಾಖಲೆ ಕನ್ನಡದಲ್ಲಿ, ಅಪ್ಪನ ಕಾಲದ್ದು ಮಲಯಾಳದಲ್ಲಿ, ಮಂಗಳೂರಿನ ಆಸ್ಪತ್ರೆ ಚೀಟಿಗಳು ಇಂಗ್ಲಿಷಿನಲ್ಲಿ. 2020ರ ಲಾಕ್‌ಡೌನಿನಲ್ಲಿ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಬಂದ್ ಮಾಡಿದ್ದು ನೆನಪಿರಬಹುದು. ಆಗ ಅಪ್ಪನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ ಹಾಗೆ ಇರಲಿಲ್ಲ. ರಿಪೋರ್ಟುಗಳನ್ನೆಲ್ಲ ಸ್ಕ್ಯಾನ್ ಮಾಡಿ ಕಳಿಸಬೇಕಾಯಿತು. ಅದೇ ಹುರುಪಿನಲ್ಲಿ ಪೆಟ್ಟಿಗೆಯಲ್ಲಿದ್ದ ಎಲ್ಲ ಕಾಗದವನ್ನೂ ಸ್ಕ್ಯಾನ್ ಮಾಡಿ ಕ್ಲೌಡಿಗೆ ಹಾಕಿಬಿಟ್ಟೆ. 15 ಜಿಬಿ ಫ್ರೀ ಸಿಗುವಾಗ ಯಾರು ಬೇಡ ಅಂತಾರೆ?

ಎರಡು ವರ್ಷ ಏನೂ ಆಗಲಿಲ್ಲ. ಒಂದು ದಿನ ತೆರಿಗೆ ರಶೀದಿಯ ಪ್ರಿಂಟ್ ತೆಗೆಯಲಿಕ್ಕೆ ಪೇಟೆಯ ಒಂದು ಅಂಗಡಿಗೆ ಹೋದೆ. ಅಲ್ಲಿಯ ಕಂಪ್ಯೂಟರಿನಲ್ಲಿ ಲಾಗಿನ್ ಆದೆ, ಬಸ್ಸು ಬಂತೆಂದು ಓಡಿದೆ, ಲಾಗೌಟ್ ಮಾಡಲು ಮರೆತೆ. ತಪ್ಪು ನನ್ನದೇ. ಎರಡು ದಿನ ಬಿಟ್ಟು ಅಂಗಡಿಯ ಹುಡುಗ ದಾರಿಯಲ್ಲಿ ಸಿಕ್ಕಿದ. 'ಅಣ್ಣ, ನಿಮ್ಮದು ಓಪನ್ ಇತ್ತು, ನಾನೇ ಕ್ಲೋಸ್ ಮಾಡಿದೆ' ಅಂದ. ಒಳ್ಳೆಯ ಹುಡುಗ. ಆಮೇಲೆ ಕೇಳಿದ, 'ಅಪ್ಪನ ಕಿಡ್ನಿ ಈಗ ಹೇಗುಂಟು?'

ಅಪ್ಪನಿಗೆ ಕಿಡ್ನಿ ತೊಂದರೆ ಇರುವುದು ನಮ್ಮ ಮನೆಯವರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಅವತ್ತು ರಾತ್ರಿ ಪಾಸ್‌ವರ್ಡ್ ಬದಲಿಸಿದೆ, ಎರಡು ಹಂತದ ಲಾಗಿನ್ ಹಾಕಿದೆ. ಅಂಗಡಿಯ ಸಮಸ್ಯೆ ಅಲ್ಲಿಗೆ ಮುಗಿಯಿತು. ಆದರೆ ಇನ್ನು ಯಾರೆಲ್ಲ ನೋಡಬಹುದು ಅಂತ ತಲೆಯಲ್ಲಿ ಕೊರೆಯಲಿಕ್ಕೆ ಶುರುವಾಯಿತು. ದೊಡ್ಡ ಕಂಪೆನಿಗಳು ನಮ್ಮ ಫೈಲನ್ನು ಎನ್‌ಕ್ರಿಪ್ಟ್ ಮಾಡಿ, ಅಂದರೆ ಕೀ ಇಲ್ಲದೆ ಓದಲಾಗದ ಹಾಗೆ ಬದಲಿಸಿಯೇ ಇಡುತ್ತವೆ, ಅದು ಸುಳ್ಳಲ್ಲ. ಆದರೆ ಸಾಮಾನ್ಯವಾಗಿ ಕೀ ಇರುವುದು ಅವರ ಹತ್ತಿರವೇ. ಬೀಗ ಅವರದ್ದು, ಬೀಗದ ಕೈಯೂ ಅವರ ಸೊಂಟದಲ್ಲಿ. ಸರಕಾರ ಕಾನೂನು ಪ್ರಕಾರ ಕೇಳಿದರೆ ತೆಗೆದು ಕೊಡಲೇಬೇಕು.

ಸರ್ವರ್ ಇರುವುದು ಅಮೆರಿಕದ ಕಂಪೆನಿಯದ್ದಾದರೆ ಅಲ್ಲಿಯ ಕತೆ ಬೇರೆ. 2013ರಲ್ಲಿ ಅಲ್ಲಿಯ ಬೇಹುಗಾರಿಕೆ ಸಂಸ್ಥೆಗೆ ಕೆಲಸ ಮಾಡಿದ್ದ ಎಡ್ವರ್ಡ್ ಸ್ನೋಡೆನ್ ಹೊರಗೆ ಹಾಕಿದ, ಪ್ರಿಸಮ್ ಎಂಬ ಗುಟ್ಟಿನ ಕಣ್ಗಾವಲಿನ ಕಾಗದಗಳಲ್ಲಿ ಮೈಕ್ರೋಸಾಫ್ಟ್, ಗೂಗಲ್, ಯಾಹೂ, ಆಪಲ್ ಎಲ್ಲರ ಹೆಸರೂ ಇತ್ತು. ಅದಕ್ಕೆ ಆಧಾರವಾದ, ಅಲ್ಲಿಯ ಬೇಹುಗಾರಿಕೆ ಕಾನೂನಿನ (ಫೀಸಾ) 702ನೇ ಸೆಕ್ಷನ್ ಅಮೆರಿಕದ ಹೊರಗಿರುವ ವಿದೇಶಿಯರ ಮೇಲೆ ಕಣ್ಣಿಡಲಿಕ್ಕೇ ಮಾಡಿದ್ದು. ಅಂದರೆ ಬದಿಯಡ್ಕದವನೂ ಆ ಲೆಕ್ಕದಲ್ಲಿ ಬಂದ. ಅದನ್ನು 2024ರಲ್ಲಿ ಮತ್ತೆ ಎರಡು ವರ್ಷಕ್ಕೆ ಮುಂದುವರಿಸಿದರು.

ನಮ್ಮಲ್ಲಿ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 69ನೇ ಸೆಕ್ಷನ್ ಉಂಟು. 2018ರ ಡಿಸೆಂಬರ್ 20ರಂದು ಕೇಂದ್ರ ಗೃಹ ಇಲಾಖೆ ಹತ್ತು ಸಂಸ್ಥೆಗಳಿಗೆ ಯಾವ ಕಂಪ್ಯೂಟರಿನ ಮಾಹಿತಿಯನ್ನೂ ನೋಡುವ, ಬಿಡಿಸಿ ಓದುವ ಅಧಿಕಾರ ಕೊಟ್ಟಿತು. ಐಬಿ, ಸಿಬಿಐ, ಎನ್‌ಐಎ ಬಿಡಿ, ನೇರ ತೆರಿಗೆ ಮಂಡಳಿಯೂ ಆ ಪಟ್ಟಿಯಲ್ಲಿ ಉಂಟು. ಲೆಕ್ಕ ಬರೆಯುವವನಿಗೆ ಅದು ಬೇಗ ಕಣ್ಣಿಗೆ ಬೀಳ್ತದೆ. ಇದಕ್ಕೆ ಜಡ್ಜ್ ಸಹಿ ಬೇಡ, ಗೃಹ ಕಾರ್ಯದರ್ಶಿಯ ಆದೇಶ ಸಾಕು. ದೆಹಲಿಯವರೂ ಮಾಡಬಹುದು, ತಿರುವನಂತಪುರದವರೂ ಮಾಡಬಹುದು. ವಿಷಯವನ್ನು ಗುಟ್ಟಾಗಿಡಬೇಕು ಅಂತ 2009ರ ನಿಯಮದಲ್ಲೇ ಉಂಟು, ಹಾಗಾಗಿ ನಮಗೆ ಗೊತ್ತಾಗುವುದೇ ಇಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ಜಡ್ಜ್‌ಗಳು ಒಂದೇ ಬಾಯಲ್ಲಿ ಹೇಳಿದ್ದಾರೆ. ಆ ಕೇಸು ಹಾಕಿದ ಕೆ.ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನ ನಿವೃತ್ತ ಜಡ್ಜ್. ಎಂಬತ್ತು ದಾಟಿದ ಮೇಲೆ ಕೋರ್ಟಿಗೆ ಹೋದರು ಮಾರಾಯ್ರೆ. ಆದರೂ ಆ 69 ಈಗಲೂ ಹಾಗೆಯೇ ಕೂತಿದೆ.

ಇಷ್ಟು ಓದಿದ ಮೇಲೆ ಹುಡುಕಿದಾಗ ಸಿಕ್ಕಿದ್ದು ಈ ಕ್ರಿಪ್ಟೊಮೇಟರ್. ಜರ್ಮನಿಯ ಒಂದು ಚಿಕ್ಕ ಕಂಪೆನಿ ಮಾಡುವುದು, ಕೋಡ್ ಎಲ್ಲ ಬಹಿರಂಗ. ಕಂಪ್ಯೂಟರಿಗೆ ಫ್ರೀ. ದೇಣಿಗೆ ಕೊಟ್ಟರೆ ಕಪ್ಪು ಬಣ್ಣದ ಥೀಮ್ ಸಿಗ್ತದೆ, ನಾನು ಅದಕ್ಕಾಗಿಯೇ ಕೊಟ್ಟೆ. ಆಂಡ್ರಾಯ್ಡ್ ಆಪಿಗೆ ಒಂದು ಸಲ ದುಡ್ಡು ಕೊಟ್ಟರೆ ಆಯ್ತು, ತಿಂಗಳು ತಿಂಗಳು ಕಟ್ಟುವ ರಗಳೆ ಇಲ್ಲ.

ಕೆಲಸ ಸುಲಭ. ನಿಮ್ಮ ಕ್ಲೌಡಿನ ಫೋಲ್ಡರಿನೊಳಗೆ ಒಂದು ವಾಲ್ಟ್, ಅಂದರೆ ಬೀಗ ಇರುವ ಪೆಟ್ಟಿಗೆ, ಮಾಡಿ ಪಾಸ್‌ವರ್ಡ್ ಕೊಡಬೇಕು. ತೆರೆದರೆ ಪೆನ್‌ಡ್ರೈವ್ ಹಾಕಿದ ಹಾಗೆ ಹೊಸ ಡ್ರೈವ್ ಕಾಣ್ತದೆ. ಅದರೊಳಗೆ ಹಾಕಿದ್ದೆಲ್ಲ ನಮ್ಮ ಲ್ಯಾಪ್‌ಟಾಪಿನಲ್ಲೇ ಎಇಎಸ್-256 ಎಂಬ ಎನ್‌ಕ್ರಿಪ್ಟ್ ವಿಧಾನದಲ್ಲಿ ಬೀಗ ಬಿದ್ದು ಆಮೇಲೆ ಮೇಲೆ ಹೋಗ್ತದೆ. ಬ್ರೌಸರಿನಲ್ಲಿ ಕ್ಲೌಡ್ ತೆರೆದು ನೋಡಿದೆ: 'ಅಪ್ಪ ಡಯಾಲಿಸಿಸ್' ಅಂತ ಇದ್ದ ಫೋಲ್ಡರ್ ಇಲ್ಲ. ಅರ್ಥವಿಲ್ಲದ ಉದ್ದುದ್ದ ಅಕ್ಷರಗಳು, ಕೊನೆಯಲ್ಲಿ ಸಿ9ಆರ್. ಎಷ್ಟು ಸಮಾಧಾನ ಆಯಿತು ಅಂದರೆ, ಸುಮ್ನೆ ಐದು ನಿಮಿಷ ಅದನ್ನೇ ನೋಡ್ತಾ ಕೂತೆ.

ಇನ್ನು ರಗಳೆಗಳು. ಫೋಟೋ ಚಿತ್ರವಾಗಿ ಕ್ಲೌಡಿನಲ್ಲಿ ಕಾಣುವುದಿಲ್ಲ, ಹುಡುಕಲಿಕ್ಕೆ ಆಗುವುದಿಲ್ಲ, ಲಿಂಕ್ ಮಾಡಿ ಯಾರಿಗೂ ಕಳಿಸುವ ಹಾಗಿಲ್ಲ. ಒಂದು ಲೆಕ್ಕದ ಫೈಲನ್ನು ಲ್ಯಾಪ್‌ಟಾಪಿನಲ್ಲಿ ತೆರೆದಿದ್ದೆ, ಗುಡುಗು ಬಂತು, ಕರೆಂಟೂ ನೆಟ್ಟೂ ಒಟ್ಟಿಗೆ ಹೋಯಿತು. ಸಿಂಕ್ ಆಗಿ ಕ್ಲೌಡಿಗೆ ಹೋಗುವ ಮೊದಲೇ ಫೋನಿನಲ್ಲಿ ಅದೇ ಫೈಲ್ ತಿದ್ದಿದೆ. ಮರುದಿನ ಎರಡೆರಡು ಪ್ರತಿ. ಯಾವುದು ಸರಿ ಅಂತ ನೋಡಲಿಕ್ಕೆ ಒಂದು ಮಧ್ಯಾಹ್ನ ಹೋಯಿತು. ಗಡಿಬಿಡಿ ನನ್ನದೇ, ಆದರೂ ಅರ್ಧ ಸ್ಟಾರ್ ಅಲ್ಲಿ ಕಟ್.

ಇನ್ನರ್ಧ ಯಾಕೆಂದರೆ, ಇದು ಎಲ್ಲವನ್ನೂ ಮುಚ್ಚುವುದಿಲ್ಲ. ಎಷ್ಟು ಫೈಲ್ ಉಂಟು, ಸುಮಾರು ಎಷ್ಟು ದೊಡ್ಡದು, ಯಾವಾಗ ತಿದ್ದಿದ್ದು ಅಂತ ಕಂಪೆನಿಗೆ ಕಾಣ್ತದೆ. ವಾಲ್ಟ್ ತೆರೆದಿಟ್ಟಿರುವಾಗ ಲ್ಯಾಪ್‌ಟಾಪಿನಲ್ಲಿ ವೈರಸ್ ಇದ್ದರೆ ಅದಕ್ಕೂ ಎಲ್ಲ ತೆರೆದೇ ಇರ್ತದೆ.

ಸರಕಾರದಿಂದ ತಪ್ಪಿಸಿಕೊಳ್ಳಲಿಕ್ಕೆ ಇದನ್ನು ಹಾಕುವವರು ಒಂದು ತಿಳಿದಿರಲಿ. ಅದೇ 69ರಲ್ಲಿ, ಬಿಡಿಸಿ ಕೊಡಲು ಸಹಾಯ ಮಾಡದಿದ್ದರೆ ಏಳು ವರ್ಷದವರೆಗೆ ಜೈಲು ಅಂತ ಉಂಟು. ನನ್ನ ಲೆಕ್ಕ ಬೇರೆ. ಯಾರಿಗಾದರೂ ನನ್ನ ಅಪ್ಪನ ರಿಪೋರ್ಟ್ ನೋಡಬೇಕಾದರೆ ಕಾಗದ ಹಿಡಿದುಕೊಂಡು ನನ್ನ ಮನೆಗೆ ಬರಲಿ, ನನ್ನನ್ನೇ ಕೇಳಲಿ. ನನಗೆ ಗೊತ್ತಿಲ್ಲದ ಹಾಗೆ ಎಲ್ಲೋ ತೆಗೆದು ಕೊಡುವುದು ಬೇಡ. 'ಮುಚ್ಚಿಡಲಿಕ್ಕೆ ನಿನ್ನ ಹತ್ತಿರ ಎಂತ ಉಂಟು?' ಅಂತ ಭಾವ ಕೇಳ್ತಾನೆ. ಅವನ ಫೋನಿಗೇ ಮೂರು ಲಾಕ್!

ಕಂಪೆನಿಯೇ ಇಂಥ ಬೀಗ ಕೊಡ್ತದಲ್ಲ ಅಂತ ಕೇಳಬಹುದು. ಆಪಲ್ ಐಕ್ಲೌಡಿಗೆ ಕೊಟ್ಟಿತ್ತು. ಬ್ರಿಟನ್ ಸರಕಾರ ಒಳದಾರಿ ಕೇಳಿತೆಂಬ ಸುದ್ದಿಯ ಬೆನ್ನಿಗೆ, 2025ರ ಫೆಬ್ರವರಿಯಲ್ಲಿ ಅಲ್ಲಿಯವರಿಗೆ ಅದನ್ನು ಹಿಂದೆ ತೆಗೆಯಿತು. ಕೊಟ್ಟವರು ವಾಪಸು ತೆಗೆದುಕೊಳ್ಳಬಹುದು. ಬೇರೆಯವರ ಕ್ಲೌಡಿನ ಮೇಲೆ ನಮ್ಮದೇ ಬೀಗ ಹಾಕುವುದು ಅದಕ್ಕೇ ನನಗೆ ಇಷ್ಟ.

ಕೊನೆಗೆ ಪಾಸ್‌ವರ್ಡ್ ಮರೆತ ಕತೆ. ಕಳೆದ ವರ್ಷ ಹೊಸದು ಹಾಕಿದೆ, ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಮೂರು ವಾರ ತೆರೆಯಲಿಲ್ಲ, ಮರೆತೇ ಹೋಯಿತು. ಇಲ್ಲಿ 'ಮರೆತಿರಾ?' ಅಂತ ಒತ್ತಿ ಮೇಲ್ ತರಿಸಿಕೊಳ್ಳುವ ದಾರಿ ಇಲ್ಲ. ಕೀ ಅವರ ಹತ್ತಿರವೂ ಇಲ್ಲವಲ್ಲ. ವಾಲ್ಟ್ ಮಾಡುವಾಗ 44 ಇಂಗ್ಲಿಷ್ ಪದಗಳ ರಿಕವರಿ ಕೀ ಕೊಡ್ತಾರೆ. ಪುಣ್ಯಕ್ಕೆ ಬರೆದುಕೊಂಡಿದ್ದೆ. ಹಳೆಯ ಪಂಚಾಂಗದ ಒಳಗೆ ಇಟ್ಟಿದ್ದ ಆ ಕಾಗದ ಮಳೆಗಾಲದ ತಂಪಿಗೆ ಬೂಸ್ಟು ಹಿಡಿದು, ಒಂದು ಮೂಲೆಯಲ್ಲಿ ಶಾಯಿ ಹರಡಿತ್ತು. ಅಮ್ಮ ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಹೇಳಿದಳು, ನಾನು ಟೈಪ್ ಮಾಡಿದೆ. ಎರಡು ಮೂರು ಅಕ್ಷರ ಹಾಕುವಾಗ ಅದೇ ಪದ ತೋರಿಸ್ತದೆ, ಹಾಗಾಗಿ ಶಾಯಿ ಹರಡಿದ ಕಡೆಯೂ ದಾಟಿದೆವು. ಕಾಲು ಗಂಟೆಯ ಮೇಲೆ ವಾಲ್ಟ್ ತೆರೆಯಿತು. 'ಇದಕ್ಕಿಂತ ಪೆಟ್ಟಿಗೆಯೇ ಸುಲಭ ಇತ್ತು' ಅಂದಳು ಅಮ್ಮ.

ಈಗ ಎರಡು ಪ್ರತಿ ಬರೆದಿಟ್ಟಿದ್ದೇನೆ. ಒಂದು ಮನೆಯಲ್ಲಿ, ಇನ್ನೊಂದು ಪುತ್ತೂರಿನಲ್ಲಿ ತಂಗಿಯ ಕಪಾಟಿನಲ್ಲಿ. ಮಳೆಗೆ ಹಾಳಾಗದ ಹಾಗೆ ಲ್ಯಾಮಿನೇಶನ್ ಮಾಡಿಸು ಅಂತ ತಂಗಿ ಹೇಳಿದಳು. ಮಾಡಿಸಲಿಲ್ಲ. ನಮ್ಮ ಪೇಟೆಯಲ್ಲಿ ಲ್ಯಾಮಿನೇಶನ್ ಮಾಡುವುದು ಆ ಅಂಗಡಿಯ ಹುಡುಗನೇ.